ಆ ಒಂದು ಪುಟ ಯಾರು ಬರೀಬೇಕು?

ಕೆಮಿಸ್ಟ್ರಿ ಸೈಕಲ್ ಮುಗಿದ ದಿನ ನಮ್ಮಲ್ಲಿ ಬಹಳ ಜನ ಮಾಡಿದ ಮೊದಲ ಕೆಲಸ ಏನು ಹೇಳಿ? ಏಪ್ರನ್ನನ್ನ ಜೂನಿಯರ್‌ಗೆ ಅರ್ಧ ರೇಟಿಗೆ ಮಾರಿದ್ದು. ಕೆಲವರು ಅದಕ್ಕೂ ಮುಂಚೆ ರೆಕಾರ್ಡ್ ಬುಕ್ಕನ್ನೂ ಕೊಟ್ಟಾಗಿತ್ತು, ಅದಕ್ಕೆ ಬೆಲೆ ಇನ್ನೂ ಜಾಸ್ತಿ, ಯಾಕಂದ್ರೆ ರೀಡಿಂಗ್ ಎಲ್ಲಾ ಅದರಲ್ಲೇ ಇರುತ್ತೆ. ಅಲ್ಲಿಗೆ ರಸಾಯನಶಾಸ್ತ್ರದ ಜೊತೆಗಿನ ನಮ್ಮ ಸಂಬಂಧ ಮುಗೀತು ಅಂತ ಕೈ ತೊಳೆದುಕೊಂಡೆವು. ಪಿಯುಸಿಯಲ್ಲಿ ಎರಡು ವರ್ಷ ಬಾಯಿಪಾಠ, ಇಲ್ಲಿ ಒಂದು ಸೆಮಿಸ್ಟರ್ ಟೈಟ್ರೇಶನ್, ಇನ್ನು ಸಾಕಪ್ಪಾ ಅಂತ.

ಹಾಗಾಗಿ ಹೋದ ವರ್ಷ ನೋಟಿಸ್ ಬೋರ್ಡಿನಲ್ಲಿ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನ ಒಂದು ಹಾಳೆ ಅಂಟಿಸಿದಾಗ, ಅದರ ಮುಂದೆ ನಿಂತಿದ್ದು ನಾವು ನಾಲ್ಕೇ ಜನ. ಅದೂ ಮಳೆ ಬರ್ತಿತ್ತು ಅಂತ ಅಲ್ಲಿ ನಿಂತಿದ್ದು, ಸುಳ್ಳು ಯಾಕೆ ಹೇಳಬೇಕು. ಒಬ್ಬ ಕೆಮಿಕಲ್, ಒಬ್ಬಳು ಬಯೋಟೆಕ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಸಿವಿಲ್. ಮಳೆ ನಿಲ್ಲೋ ಹೊತ್ತಿಗೆ ನಾಲ್ಕೂ ಜನ ಹಾಕೋದು ಅಂತ ತೀರ್ಮಾನ ಆಗಿತ್ತು. ಈ ಲೇಖನ ಆಮೇಲೆ ಏನಾಯ್ತು ಅನ್ನೋದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ನಾವು ಮಾಡಿದ ಒಂದು ತಪ್ಪನ್ನ ಈ ವರ್ಷ ನೀವು ಮಾಡಬೇಡಿ ಅನ್ನೋದರ ಬಗ್ಗೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡ್ತೀವಿ. ನಮ್ಮ ದೇಶದಲ್ಲಿ ಮೂರು ವಿಜ್ಞಾನ ಅಕಾಡೆಮಿಗಳಿವೆ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಶುರು ಮಾಡಿದ್ದು ಒಂದು, ದೆಹಲಿಯದೊಂದು, ಪ್ರಯಾಗ್‌ರಾಜ್‌ನದೊಂದು. ಈ ಮೂರೂ ಸೇರಿ ಪ್ರತಿ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳ ಫೆಲೋಶಿಪ್ ಕೊಡ್ತವೆ. ಆಯ್ಕೆ ಆದವರು ದೇಶದ ಯಾವುದೋ ಒಂದು ಸಂಸ್ಥೆಯಲ್ಲಿ, ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಿ, ಕೊನೆಗೆ ಒಂದು ವರದಿ ಕೊಡಬೇಕು. ತಿಂಗಳಿಗಿಷ್ಟು ಅಂತ ದುಡ್ಡೂ ಕೊಡ್ತಾರೆ. ಅರ್ಜಿಯಲ್ಲಿ ವಿಷಯ ಆರಿಸಿಕೊಳ್ಳುವ ಕಡೆ ಇಂಜಿನಿಯರಿಂಗೂ ಇದೆ, ರಸಾಯನಶಾಸ್ತ್ರವೂ ಇದೆ. ಇದಲ್ಲದೆ ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆಯಲ್ಲ, ಸಿ.ಎನ್.ಆರ್. ರಾವ್ ಅವರು ಕಟ್ಟಿದ್ದು, ಅಲ್ಲೂ ಪ್ರತ್ಯೇಕವಾಗಿ ಬೇಸಿಗೆ ಫೆಲೋಶಿಪ್ ಇದೆ. ಎರಡಕ್ಕೂ ಬಿ.ಇ. ಓದುವವರು ಅರ್ಜಿ ಹಾಕಬಹುದು. ಬೇಸಿಗೆಯ ಕೆಲಸಕ್ಕೆ ಚಳಿಗಾಲದಲ್ಲೇ ಅರ್ಜಿ ಮುಗಿದುಹೋಗುತ್ತೆ ಅನ್ನೋದು ಮಾತ್ರ ತಲೆಯಲ್ಲಿರಲಿ. ಏಪ್ರಿಲ್‌ನಲ್ಲಿ ಎದ್ದು "ಅಕ್ಕಾ, ಆ ಫೆಲೋಶಿಪ್ ಲಿಂಕ್ ಕಳ್ಸಿ" ಅನ್ನೋ ಮೆಸೇಜುಗಳು ನಮಗೆ ಈಗಾಗಲೇ ಸಾಕಷ್ಟು ಬಂದಿವೆ.

ಅರ್ಜಿ ಅಂದ್ರೆ ದೊಡ್ಡದೇನಲ್ಲ. ಅಂಕಪಟ್ಟಿ, ಒಬ್ಬ ಅಧ್ಯಾಪಕರ ಶಿಫಾರಸು ಪತ್ರ, ಮತ್ತೆ ಯಾಕೆ ಬರಬೇಕು ಅಂತಿದ್ದೀರಿ ಅನ್ನೋದರ ಬಗ್ಗೆ ಒಂದು ಪುಟಕ್ಕೂ ಕಮ್ಮಿ ಬರಹ. ಅಂಕಪಟ್ಟಿಗೆ ನಾವೀಗ ಏನೂ ಮಾಡೋಕಾಗಲ್ಲ, ಅದು ಬಂದಾಯ್ತು. ನಮ್ಮ ಕೈಯಲ್ಲಿರೋದು ಉಳಿದ ಎರಡೇ. ಆ ಎರಡನ್ನೂ ನಾವು ಹೇಗೆ ಕೆಡಿಸಿಕೊಂಡೆವು ಅಂತ ಕೇಳಿ.

ಬರಹದಿಂದ ಶುರು ಮಾಡಿದೆವು. ಶುರು ಮಾಡಿದೆವು ಅನ್ನೋದೂ ತಪ್ಪು, ಚಾಟ್‌ಜಿಪಿಟಿಗೆ ಹೇಳಿದೆವು. ನಾಲ್ಕು ಜನ, ನಾಲ್ಕು ಫೋನು, ಕ್ಯಾಂಟೀನಿನ ಒಂದೇ ಟೇಬಲ್ಲು. ಹದಿನೈದು ನಿಮಿಷದಲ್ಲಿ ನಾಲ್ಕು ಬರಹ ರೆಡಿ. ಚಹಾ ಬರೋಕೆ ಅದಕ್ಕಿಂತ ಹೊತ್ತಾಯ್ತು. ಇಂಗ್ಲಿಷ್ ಎಷ್ಟು ಚೆನ್ನಾಗಿತ್ತು ಅಂದ್ರೆ ನಾವೇ ಬೆರಗಾದೆವು. ಚಿಕ್ಕಂದಿನಿಂದಲೂ ನಾವು ನಾಲ್ಕೂ ಜನ ಅಣುಗಳ ಲೋಕಕ್ಕೆ ಮನಸೋತಿದ್ದೆವಂತೆ. ಸುಸ್ಥಿರ ಭವಿಷ್ಯಕ್ಕಾಗಿ ನ್ಯಾನೊ ವಸ್ತುಗಳ ಬಗ್ಗೆ ತೀವ್ರ ಆಸಕ್ತಿ ಬೆಳೆಸಿಕೊಂಡಿದ್ದೆವಂತೆ. ಮೆಕ್ಯಾನಿಕಲ್‌ನವನು ತನ್ನದನ್ನ ಜೋರಾಗಿ ಓದಿದ, ಬಯೋಟೆಕ್‌ನವಳು "ಏಯ್, ಅದು ನನ್ದು" ಅಂದಳು. ಇಲ್ಲ, ಅದು ಅವನದ್ದೇ ಆಗಿತ್ತು. ಹೆಸರು ಕಿತ್ತು ಹಾಕಿದ್ರೆ ನಾಲ್ಕರಲ್ಲಿ ಯಾವುದು ಯಾರದ್ದು ಅಂತ ನಮಗೇ ಗೊತ್ತಾಗ್ತಿರಲಿಲ್ಲ. ಆವತ್ತು ನಕ್ಕೆವು. ಅರ್ಜಿ ಓದುವವರ ಮುಂದೆ ಇಂಥವು ಎಷ್ಟು ರಾಶಿ ಬಿದ್ದಿರಬಹುದು ಅನ್ನೋದು ಆವತ್ತು ಹೊಳೆಯಲಿಲ್ಲ.

ಆಮೇಲೆ ಶಿಫಾರಸು ಪತ್ರ. ಇದರ ಪದ್ಧತಿ ನಿಮಗೂ ಗೊತ್ತಿರುತ್ತೆ. "ಡ್ರಾಫ್ಟ್ ಮಾಡ್ಕೊಂಡು ಬನ್ನಿ, ಸೈನ್ ಹಾಕಿ ಕೊಡ್ತೀನಿ." ಅಂದ್ರೆ ನಮ್ಮನ್ನ ನಾವೇ ಹೊಗಳಿಕೊಂಡು, ಅದಕ್ಕೆ ಇನ್ನೊಬ್ಬರ ಸಹಿ ಹಾಕಿಸಿಕೊಳ್ಳೋದು. ಇದರಲ್ಲಿ ಅಧ್ಯಾಪಕರನ್ನ ಮಾತ್ರ ಬೈದು ಪ್ರಯೋಜನ ಇಲ್ಲ. ಒಂದು ಸೆಕ್ಷನ್ನಿಗೆ ಅರವತ್ತು ಜನ, ಅಂಥ ಎರಡು ಮೂರು ಸೆಕ್ಷನ್ನು, ಅದರ ಮೇಲೆ ಮಾನ್ಯತೆಗೆ ಬೇಕಾದ ಫೈಲುಗಳು. ನಮ್ಮ ಮುಖ ನೆನಪಿದ್ರೆ ದೊಡ್ಡದು. ನಾವಾದ್ರೂ ನೆನಪಲ್ಲಿ ಉಳಿಯೋ ಹಾಗೆ ಏನು ಮಾಡಿದ್ದೀವಿ? ಕೊನೇ ಬೆಂಚಿನಲ್ಲಿ ಕೂತು ಅಟೆಂಡೆನ್ಸ್ ಕೂಗಿದ ಮೇಲೆ ಹಿಂದಿನ ಬಾಗಿಲು ನೋಡ್ತಿದ್ದವರಲ್ವಾ? ಆದ್ರೂ ಹೇಳಲೇಬೇಕು: ವಿದ್ಯಾರ್ಥಿಯೇ ಬರೆದ ಪತ್ರಕ್ಕೆ ಸಹಿ ಹಾಕೋದು ಸಹಾಯ ಅಲ್ಲ. ನಮ್ಮ ಕೆಮಿಕಲ್‌ನವನ ಪತ್ರದಲ್ಲಿ ಅವನು ಪ್ರಾಮಾಣಿಕ, ಶ್ರಮಜೀವಿ, ಸಮಯಪಾಲಕ ಅಂತ ಇತ್ತು. ಸಮಯಪಾಲಕ! ಆ ಪತ್ರ ತರೋಕೇ ಅವನು ಮುಕ್ಕಾಲು ಗಂಟೆ ಲೇಟಾಗಿ ಹೋಗಿದ್ದ.

ಸಿವಿಲ್ ಗೆಳತಿ ಮಾತ್ರ ಸಿಕ್ಕಿಬಿದ್ದಳು. ಅವಳು ಹೋಗಿದ್ದು ಮೊದಲ ವರ್ಷದಲ್ಲಿ ಕೆಮಿಸ್ಟ್ರಿ ಲ್ಯಾಬ್ ತಗೊಂಡಿದ್ದ ಮೇಡಂ ಹತ್ತಿರ. ಡ್ರಾಫ್ಟ್ ಕೈಗಿಟ್ಟಳು. ಮೇಡಂ ಓದಿದರು, ಮಡಚಿದರು, ಟೇಬಲ್ ಮೇಲಿಟ್ಟು ಕೇಳಿದರು: "ಇದೆಲ್ಲಾ ಇರ್ಲಿ. ನನ್ನ ಲ್ಯಾಬಲ್ಲಿ ನೀನು ಏನ್ ಮಾಡ್ದೆ ಹೇಳಮ್ಮಾ."

ಇವಳಿಗೆ ಗಂಟಲು ಒಣಗಿತು. ಏನು ಮಾಡಿದ್ದಳು? ಎಲ್ಲರೂ ಮಾಡಿದ್ದನ್ನೇ. ಫೆರಸ್ ಅಮೋನಿಯಂ ಸಲ್ಫೇಟಿನ ಪೊಟೆನ್ಶಿಯೋಮೆಟ್ರಿ, ತಾಮ್ರದ ಕಲರಿಮೆಟ್ರಿ, ಹೆಮಟೈಟಿನಲ್ಲಿ ಕಬ್ಬಿಣ ಎಷ್ಟಿದೆ ಅಂತ ಕಂಡುಹಿಡಿಯೋದು, ನೀರಿನ ಗಡಸುತನ. ಆಗ ಒಂದು ನೆನಪಾಯ್ತು. "ಮೇಡಂ, ಗಡಸುತನದ್ದು ಮಾಡುವಾಗ ನನಗೆ ಬಣ್ಣ ಬರ್ತಾನೇ ಇರ್ಲಿಲ್ಲ."

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಈ ಪ್ರಯೋಗ ಮಾಡಿದ್ದೀರಿ, ನಮ್ಮ ಹಾಗೆ ನೀವೂ ಮರೆತಿದ್ದೀರಿ. ನೀರಿಗೆ ಅಮೋನಿಯಾ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಇಂಡಿಕೇಟರ್ ಹಾಕಿದ್ರೆ ವೈನ್ ಕೆಂಪು. ಬ್ಯೂರೆಟ್‌ನಿಂದ ಇಡಿಟಿಎ ಬಿಡ್ತಾ ಹೋದ್ರೆ ಒಂದು ಹನಿಗೆ ತಟ್ಟನೆ ತಿಳಿ ನೀಲಿ. ನಡೆಯೋದು ಇಷ್ಟೇ: ಇಂಡಿಕೇಟರ್ ಮೊದಲು ನೀರಿನಲ್ಲಿರೋ ಮೆಗ್ನೀಸಿಯಂ ಜೊತೆ ಕೈ ಹಿಡ್ಕೊಂಡು ಕೂತಿರುತ್ತೆ, ಆಗ ಕೆಂಪು. ಇಡಿಟಿಎ ಬಂದು ಮೊದಲು ಬಿಡಿಯಾಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನ ಹಿಡಿದು, ಕೊನೆಗೆ ಇಂಡಿಕೇಟರಿನ ಕೈಯಲ್ಲಿರೋದನ್ನೂ ಕಿತ್ಕೊಳ್ಳುತ್ತೆ. ಒಂಟಿಯಾದ ಇಂಡಿಕೇಟರ್ ನೀಲಿ. ಈ ಕಿತ್ಕೊಳ್ಳೋ ಕೆಲಸ ಚುರುಕಾಗಿ ಆಗಬೇಕಂದ್ರೆ ಪಿಎಚ್ 10ರ ಆಸುಪಾಸಿನಲ್ಲಿರಬೇಕು, ಅದಕ್ಕೇ ಬಫರ್. ಪಿಎಚ್ ಕೆಳಗಿಳಿದ್ರೆ ಇಡಿಟಿಎ ಹಿಡಿತ ಸಡಿಲ ಆಗುತ್ತೆ, ಬಣ್ಣ ಕೆಂಪಿಗೂ ನೀಲಿಗೂ ನಡುವೆ ನೇರಳೆಯಲ್ಲಿ ಎಳೆದಾಡ್ತಾ ಇರುತ್ತೆ.

ಇವಳಿಗೆ ಆಗಿದ್ದು ಅದೇ. ನೇರಳೆ, ನೇರಳೆ, ಇನ್ನೂ ನೇರಳೆ. ಪಕ್ಕದ ಟೇಬಲ್ಲಿನವರು ಎಂದಿನ ಹಾಗೆ ಸೀನಿಯರ್ ರೆಕಾರ್ಡಿನ ರೀಡಿಂಗ್ ಬರೆದು ಹೊರಟುಹೋದರು. ಇವಳಿಗೆ ಸಿಟ್ಟು. ಬಫರ್ ಬಾಟಲಿ ತೆಗೆದು ಮೂಸಿದಳು. ಅಮೋನಿಯಾ ಇದ್ರೆ ಮೂಗಿಗೆ ಬಡೀಬೇಕು, ಕಣ್ಣಲ್ಲಿ ನೀರು ಬರಬೇಕು. ಇದರಲ್ಲಿ ಏನೂ ವಾಸನೆ ಇಲ್ಲ. ಎಷ್ಟು ದಿನದಿಂದ ಮುಚ್ಚಳ ಸರಿಯಾಗಿ ಹಾಕದೆ ಇಟ್ಟಿದ್ದರೋ. ಲ್ಯಾಬ್ ಅಟೆಂಡರ್ ಅಣ್ಣನ್ನ ಕೇಳಿ ಪಿಎಚ್ ಮೀಟರಿನಲ್ಲಿ ನೋಡಿದರೆ 8.4. ಹೋಗಿ ಮೇಡಂಗೆ ಹೇಳಿದಳು. ಮಾರನೇ ವಾರ ಹೊಸ ಬಫರ್ ಬಂತು, ಲ್ಯಾಬಿನ ನಲ್ಲಿ ನೀರಿಗೆ ಒಂದೇ ಹನಿಗೆ ನೀಲಿ. ಇಷ್ಟೇ ಆಗಿದ್ರೆ ಕಥೆ ಮುಗೀತಿತ್ತು. ಅವಳು ತನ್ನ ಹಾಸ್ಟೆಲಿನ ಬೋರ್‌ವೆಲ್ ನೀರನ್ನೂ ಒಂದು ಬಾಟಲಿಯಲ್ಲಿ ತಂದಿದ್ದಳು, ಬಕೆಟ್ ಅಂಚಿನಲ್ಲಿ ಬಿಳೀ ಪೊರೆ ಕಟ್ಟುತ್ತಲ್ಲ, ಆ ನೀರು. ಹೊಸ ಬಫರ್ ಹಾಕಿದ್ರೂ ಅದು ಮಾತ್ರ ನೇರಳೆಯಲ್ಲೇ ಎಳೀತು. ಆಮೇಲೆ ಇಂಟರ್ನಲ್ಸ್ ಬಂತು, ಸೆಮ್ ಮುಗೀತು, ಬಾಟಲಿ ಎಲ್ಲೋ ಹೋಯ್ತು.

ಮೇಡಂ ಇಷ್ಟನ್ನೂ ಕೇಳಿ, "ಇದನ್ನ ಯಾಕೆ ಬರ್ದಿಲ್ಲ?" ಅಂದರು.

"ಇದೇನ್ ರಿಸರ್ಚಾ ಮೇಡಂ?"

ನಮ್ಮೆಲ್ಲರ ತಪ್ಪು ಇರೋದು ಈ ಒಂದು ಪ್ರಶ್ನೆಯಲ್ಲಿ. ಸಂಶೋಧನೆ ಅಂದ್ರೆ ಎಲ್ಲೋ ದೂರದಲ್ಲಿ, ದೊಡ್ಡ ಮೆಷಿನ್ನುಗಳ ನಡುವೆ, ನಮಗಿಂತ ಬುದ್ಧಿವಂತರು ಮಾಡೋ ಕೆಲಸ. ನಮಗೆ ನಿಜವಾಗ್ಲೂ ಅರ್ಥ ಆಗದೆ ಉಳಿದಿದ್ದು ಅದಕ್ಕೆ ಸಮ ಅಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಹಾಗಾಗಿ ನಮ್ಮ ಕೈಯಲ್ಲಿರೋ ಒಂದೇ ಒಂದು ನಿಜವಾದ ಪ್ರಶ್ನೆಯನ್ನ ಬಿಟ್ಟು, ನಮಗೆ ಗೊತ್ತೇ ಇಲ್ಲದ ನ್ಯಾನೊ ವಸ್ತುಗಳ ಬಗ್ಗೆ ಮನಸೋತು ಬರೀತೀವಿ. ಅರ್ಜಿಯಲ್ಲಿ ಕೇಳ್ತಾ ಇರೋದು ಉತ್ತರ ಅಲ್ಲ. ಎರಡನೇ ವರ್ಷದ ಬಿ.ಇ. ಹುಡುಗ ಹುಡುಗಿ ಹತ್ತಿರ ಉತ್ತರ ಇರುತ್ತೆ ಅಂತ ಯಾವ ವಿಜ್ಞಾನಿಯೂ ಅಂದ್ಕೊಂಡಿರಲ್ಲ. ಏನೋ ಸರಿ ಹೋಗ್ತಿಲ್ಲ ಅಂದಾಗ ಇವರು ಬಾಟಲಿ ಮೂಸ್ತಾರಾ, ಇಲ್ಲಾ ಸೀನಿಯರ್ ರೆಕಾರ್ಡ್ ತೆಗೀತಾರಾ ಅನ್ನೋದಷ್ಟೇ ಅಲ್ಲಿ ನೋಡುವಂಥದ್ದು. ಆ ಪುಟದಿಂದ ಗೊತ್ತಾಗಬೇಕಾದ್ದೂ ಅಷ್ಟೇ.

"ಇಂಜಿನಿಯರಿಂಗ್‌ನವರಿಗೆ ಕೆಮಿಸ್ಟ್ರಿಯಲ್ಲಿ ಯಾರು ಕೊಡ್ತಾರೆ ಗುರು" ಅನ್ನೋರಿಗೆ ಜಪಾನಿನ ಕೊಯಿಚಿ ತನಾಕ ಅವರ ಕಥೆ ಹೇಳಬೇಕು. ಅವರು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ತೊಹೊಕು ವಿಶ್ವವಿದ್ಯಾಲಯದಲ್ಲಿ, ಬರೀ ಬ್ಯಾಚುಲರ್ಸ್. 1983ರಲ್ಲಿ ಓದು ಮುಗಿಸಿ ಕ್ಯೋಟೋದ ಶಿಮಾಡ್ಜು ಅನ್ನೋ ಉಪಕರಣ ತಯಾರಿಸೋ ಕಂಪನಿ ಸೇರಿದರು. ಅಲ್ಲಿ ಅವರ ತಂಡಕ್ಕಿದ್ದ ತಲೆನೋವು, ಪ್ರೋಟೀನಿನಂಥ ದೊಡ್ಡ ಅಣುವನ್ನ ಲೇಸರ್ ಹೊಡೆದು ಚೂರಾಗದ ಹಾಗೆ ಅಯಾನು ಮಾಡೋದು ಹೇಗೆ ಅನ್ನೋದು. 1985ರಲ್ಲಿ ಒಂದು ದಿನ ಕೋಬಾಲ್ಟಿನ ಸೂಕ್ಷ್ಮ ಪುಡಿಗೆ ಅಸಿಟೋನ್ ಹಾಕೋ ಬದಲು ಮರೆತು ಗ್ಲಿಸರಿನ್ ಹಾಕಿಬಿಟ್ಟರು. ಎಸೆಯೋಕೆ ಮನಸ್ಸು ಬರಲಿಲ್ಲ, ಪುಡಿ ದಂಡ ಆಗುತ್ತಲ್ಲಾ ಅಂತ. ಇರ್ಲಿ ನೋಡೇಬಿಡೋಣ ಅಂತ ಅದನ್ನೇ ಮೆಷಿನ್ನಿಗಿಟ್ಟರು. ಹುಡುಕುತ್ತಿದ್ದ ಸಿಗ್ನಲ್ ಅದರಲ್ಲೇ ಬಂತು. 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂದಾಗ ಅವರು 43 ವರ್ಷದ ಕಂಪನಿ ಇಂಜಿನಿಯರ್, ಪಿಎಚ್‌ಡಿಯೂ ಇರಲಿಲ್ಲ. ಈ ಕಥೆ ಹೇಳಿದ್ದು, ತಪ್ಪು ಮಾಡಿದ್ರೆ ನೊಬೆಲ್ ಬರುತ್ತೆ ಅಂತಲ್ಲ. ಹಾಗಿದ್ದಿದ್ರೆ ನಮ್ಮ ಬ್ಯಾಚಿನಲ್ಲೇ ಹದಿನೈದು ಜನಕ್ಕೆ ಬರಬೇಕಿತ್ತು. ತಪ್ಪಿದ್ದನ್ನ ಅವರು ಸಿಂಕಿಗೆ ಚೆಲ್ಲಲಿಲ್ಲ, ಏನಾಗುತ್ತೆ ಅಂತ ನೋಡಿದರು. ನಾವು ಚೆಲ್ಲಿ, ಪಕ್ಕದವರ ರೀಡಿಂಗ್ ಬರೀತೀವಿ.

ಇನ್ನೊಂದು ಮಾತು, ಇದು ಕನ್ನಡ ಸಂಘದವರಾಗಿ ಹೇಳ್ತಿರೋದು. ಸಿವಿಲ್ ಗೆಳತಿ ಅವತ್ತು ರಾತ್ರಿ ಹೊಸದಾಗಿ ಬರೆಯೋಕೆ ಕೂತಳು. ಇಂಗ್ಲಿಷಿನಲ್ಲಿ ಮೊದಲ ಸಾಲೇ ಬರಲಿಲ್ಲ. ಬಂದಾಗಲೆಲ್ಲಾ ಮತ್ತೆ ಅದೇ "ಚಿಕ್ಕಂದಿನಿಂದಲೂ" ಅನ್ನೋ ಸಾಲೇ ಬರ್ತಿತ್ತು. ಊಟ ಮುಗಿಸಿ ಮನೆಗೆ ಫೋನ್ ಮಾಡಿದಳು. ಅವರಮ್ಮ ಓದಿದ್ದು ಏಳನೇ ಕ್ಲಾಸು. "ಏನೇ ಅದು, ಅರ್ಜಿ ಅರ್ಜಿ ಅಂತಿದ್ಯಲ್ಲ, ಎಂಥದ್ದು?" ಅಂದರು. ಇವಳು ಹೇಳೋಕೆ ಶುರು ಮಾಡಿದಳು: "ಅಮ್ಮಾ, ನಮ್ ಹಾಸ್ಟೆಲ್ ನೀರಿದೆಯಲ್ಲ, ಅದು ನೀಲಿ ಆಗ್ಬೇಕು, ಆಗ್ತಾ ಇಲ್ಲ. ಔಷಧಿ ಹಳೇದು ಅಂತ ಬದಲಾಯ್ಸಿದ್ವಿ, ಬೇರೆ ನೀರು ಆಯ್ತು, ಇದು ಆಗ್ಲಿಲ್ಲ. ಈ ನೀರಲ್ಲಿ ಇನ್ನೇನೋ ಇದೆ." ಅಮ್ಮ ಕೇಳಿದರು, "ಪೈಪ್ ತುಕ್ಕು ಹಿಡಿದಿರ್ಬೇಕು ಕಣೇ. ನಮ್ ಹಳೇ ಟ್ಯಾಂಕಿ ನೀರೂ ಹಂಗೇ, ಬಟ್ಟೆ ಎಲ್ಲಾ ಕೆಂಪಾಗ್ತಿತ್ತು."

ಕಬ್ಬಿಣ! ಕಬ್ಬಿಣದ ಅಯಾನು ಈ ಇಂಡಿಕೇಟರನ್ನ ಬಿಗಿಯಾಗಿ ಹಿಡಿದುಬಿಟ್ರೆ ಇಡಿಟಿಎಗೆ ಬಿಡಿಸೋಕೆ ಆಗಲ್ಲ, ಬಣ್ಣ ತಿರುಗಲ್ಲ. ಪುಸ್ತಕದಲ್ಲಿ ಇದು ಇದೆ, ನಾವು ಓದಿಲ್ಲ ಅಷ್ಟೇ. ಹಾಗೆ ಕಬ್ಬಿಣ ಅಡ್ಡ ಬರ್ತಿದ್ಯಾ ಅಂತ ನೋಡೋಕೆ ದಾರಿಯೂ ಇದೆ: ಬಫರ್ ಹಾಕೋದಕ್ಕೆ ಮುಂಚೆ ಸ್ವಲ್ಪ ಟ್ರೈಎಥನಾಲಮೈನ್ ಹಾಕಿದ್ರೆ ಅದು ಕಬ್ಬಿಣವನ್ನ ಕಟ್ಟಿಹಾಕುತ್ತೆ, ಆಮೇಲೆ ಬಣ್ಣ ಸರಿಯಾಗಿ ತಿರುಗಿದ್ರೆ ಅನುಮಾನ ನಿಜ ಅನ್ನಬಹುದು.

ಅವಳು ಫೋನಿಟ್ಟು, ಅಮ್ಮನಿಗೆ ಹೇಳಿದ್ದನ್ನ ಹೇಳಿದ ಹಾಗೇ ಕನ್ನಡದಲ್ಲಿ ಬರೆದಳು. ಆಮೇಲೆ ಅದನ್ನ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತಿರುಗಿಸಿದಳು. ವ್ಯಾಕರಣ ನೋಡೋಕೆ ಮಾತ್ರ ಫೋನಿನ ಸಹಾಯ ತಗೊಂಡಳು. ಬಂದಿದ್ದು ಮುಕ್ಕಾಲು ಪುಟ. ಅದರಲ್ಲಿ ಮನಸೋತದ್ದು ಇಲ್ಲ, ಸುಸ್ಥಿರ ಭವಿಷ್ಯ ಇಲ್ಲ. ಹೀಗೆ ಮಾಡಿದೆ, ಹೀಗಾಯ್ತು, ಇದು ಅರ್ಥ ಆಗಿಲ್ಲ, ಇದನ್ನ ಅಳೆಯೋದು ಹೇಗೆ ಅಂತ ಕಲೀಬೇಕು. ನಾವು ಓದಿದಾಗ ನಮ್ಮ ನಾಲ್ಕು ಜನರ ಟೇಬಲ್ಲಿನಲ್ಲಿ ಮೊದಲ ಬಾರಿಗೆ ಯಾರೂ "ಅದು ನನ್ದು" ಅನ್ನಲಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ನಮ್ಮಲ್ಲಿ ಅನೇಕರು ಇಂಗ್ಲಿಷ್ ನೋಡಿಯೇ ಇಂಥ ಅರ್ಜಿಗಳಿಂದ ದೂರ ಸರೀತಾರೆ. ಅವರಿಗೆ ನಮ್ಮ ಮಾತು ಇಷ್ಟೇ: ಪ್ರಶ್ನೆ ಇಂಗ್ಲಿಷಿನಲ್ಲೇ ಹುಟ್ಟಬೇಕು ಅಂತ ಯಾರೂ ಹೇಳಿಲ್ಲ. ನಿಮ್ಮ ಮನೆಯವರಿಗೆ ಹೇಳೋಕಾಗದೇ ಇರೋದನ್ನ ಅರ್ಜಿಯಲ್ಲೂ ಬರೀಬೇಡಿ.

ಮೇಡಂ ಬರೆದ ಪತ್ರ ನಾವು ನೋಡಲಿಲ್ಲ, ನೋಡಬಾರದು ಕೂಡ. ಆದ್ರೆ ಅವರು ಆಮೇಲೆ ಹೇಳಿದ ಒಂದು ಮಾತು ಅವಳಿಗೆ ನೆನಪಿದೆ: ಆ ಬಫರ್ ಕೆಟ್ಟಿದೆ ಅಂತ ಬಂದು ಹೇಳಿದ್ದು ನೀನೊಬ್ಬಳೇ, ಅದನ್ನೇ ಬರ್ದಿದೀನಿ.

ಈಗ ಫಲಿತಾಂಶ. ಇಲ್ಲಿ ನಿಮಗೆ ಸಿನಿಮಾ ಕ್ಲೈಮ್ಯಾಕ್ಸ್ ಬೇಕಾಗಿದ್ರೆ ಕ್ಷಮಿಸಿ. ಆಯ್ಕೆ ಆಗಿದ್ದು ಅವಳಲ್ಲ, ನಮ್ಮ ಕೆಮಿಕಲ್‌ನವನು. ಸಮಯಪಾಲಕ. ಅವನ ಸಿಜಿಪಿಎ ನಮ್ಮೆಲ್ಲರಿಗಿಂತ ಮೇಲಿತ್ತು, ಬ್ರಾಂಚೂ ಹೊಂದುತ್ತಿತ್ತು. ಅರ್ಜಿ ಹಾಕೋರು ತುಂಬಾ, ಸೀಟು ಕಮ್ಮಿ. ಅಂಕಕ್ಕೆ ಬೆಲೆ ಇಲ್ಲ ಅಂತ ನಾವು ಸುಳ್ಳು ಹೇಳಲ್ಲ. ಅವಳು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. "ಪ್ರಾಮಾಣಿಕವಾಗಿ ಬರೆದು ಏನ್ ಬಂತು?" ಅಂತ ಮೂರನೇ ದಿನ ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವನು ಬೇರೆ ರಾಜ್ಯದ ಒಂದು ಲ್ಯಾಬಿಗೆ ಹೋದ. ಮೊದಲ ದಿನ ಗೈಡ್ ಅವನ ಅರ್ಜಿ ಪ್ರಿಂಟ್ ಮುಂದಿಟ್ಟುಕೊಂಡು ಕೂತಿದ್ದರಂತೆ. ನ್ಯಾನೊ ವಸ್ತುಗಳ ಬಗ್ಗೆ ತೀವ್ರ ಆಸಕ್ತಿ ಅಂತ ಬರೆದಿದ್ದೀಯ, ಯಾವುದು ಓದಿದ್ದೀಯ, ಏನು ನೋಡಬೇಕು ಅಂತ ಆಸೆ ಅಂತ ಕೇಳಿದರಂತೆ. ಅವರು ಗದರಿಸಲಿಲ್ಲ, ನಿಜವಾಗ್ಲೂ ಕುತೂಹಲದಿಂದ ಕೇಳಿದರು, ಅದೇ ಕಷ್ಟ ಆಯ್ತು ಅಂತಾನೆ ಇವನು. ತಾನು ಏನು ಬರೆದಿದ್ದೆ ಅಂತಲೇ ಅವನಿಗೆ ನೆನಪಿರಲಿಲ್ಲ, ಯಾಕಂದ್ರೆ ಬರೆದಿದ್ದು ಅವನಲ್ಲವಲ್ಲ. ಎಂಟು ವಾರದಲ್ಲಿ ಮೊದಲ ಎರಡು ವಾರ ತಾನು ಯಾಕೆ ಬಂದಿದ್ದೀನಿ ಅಂತ ಕಂಡುಕೊಳ್ಳೋದರಲ್ಲೇ ಹೋಯ್ತು. ಆಮೇಲೆ ಕೆಲಸ ಹಿಡೀತು ಅನ್ನಿ. ಟೆಫ್ಲಾನ್ ಒಳಪದರದ ಸ್ಟೀಲ್ ಡಬ್ಬಿಯಲ್ಲಿ ದ್ರಾವಣ ತುಂಬಿ, 180 ಡಿಗ್ರಿ ಓವನ್‌ನಲ್ಲಿ 24 ಗಂಟೆ ಇಟ್ಟು, ತೆಗೆದು, ತೊಳೆದು, ಒಣಗಿಸಿ, ಎಕ್ಸ್‌ರೇ ಮೆಷಿನ್ನಿನ ಸರದಿಗೆ ಕಾಯೋದು. ಮೊದಲ ಮೂರು ಸಲ ಮೂರು ಥರ ಬಂತು. "ಲ್ಯಾಬಲ್ಲಿ ಅರ್ಧ ಆಯುಷ್ಯ ಗಾಜು ತೊಳೆಯೋದ್ರಲ್ಲೇ ಹೋಗುತ್ತೆ ಮಗಾ" ಅಂತ ಫೋನಿನಲ್ಲಿ ಹೇಳ್ತಿದ್ದ. ನಾಲ್ಕನೇ ಸಲ ಸರಿ ಬಂದಾಗ ರಾತ್ರಿ ಹನ್ನೊಂದೂವರೆಗೆ ನಮ್ಮ ಗ್ರೂಪಿಗೆ ಒಂದು ಗ್ರಾಫ್ ಕಳಿಸಿದ, ಬರೀ ಗ್ರಾಫ್, ಒಂದು ಅಕ್ಷರ ಇಲ್ಲ. ನಮಗೆ ಏನೂ ಅರ್ಥ ಆಗಲಿಲ್ಲ, ಆದ್ರೂ ನಾಲ್ಕು ಜನರಲ್ಲಿ ಒಬ್ಬ ಏನೋ ಮಾಡಿದ ಅಂತ ಖುಷಿ ಆಯ್ತು.

ವಾಪಸ್ ಬಂದ ಮೇಲೆ ಅವನೇ ಹೇಳಿದ್ದು, ಈ ವರ್ಷ ಮ್ಯಾಗಜಿನ್‌ಗೆ ಇದನ್ನ ಬರೀರಿ ಅಂತ. "ನನಗೆ ಸಿಕ್ತು ಅಂತ ಬರೀಬೇಡಿ, ಆ ಎರಡು ವಾರ ಹೋಯ್ತಲ್ಲ, ಅದನ್ನ ಬರೀರಿ."

ಹಾಗಾಗಿ ನಾವು ಹೇಳೋದು ಇದು. ಫೋನಿನ ಕೈಯಲ್ಲಿ ಬರೆಸಿದ ಪುಟಕ್ಕೂ ಆಯ್ಕೆ ಆಗಬಹುದು, ನಮ್ಮಲ್ಲೇ ಆಗಿದೆ. ಆದ್ರೆ ಅದಕ್ಕೆ ಬೆಲೆ ಮೇ ತಿಂಗಳಲ್ಲಿ ಕಟ್ಟಬೇಕಾಗುತ್ತೆ, ಲ್ಯಾಬಿನಲ್ಲಿ ಒಬ್ಬರೇ ನಿಂತು. ನಿಮ್ಮದೇ ಪ್ರಶ್ನೆ ಬರೆದ್ರೆ ಆಯ್ಕೆ ಆಗ್ತೀರಿ ಅಂತ ಗ್ಯಾರಂಟಿ ಕೊಡೋಕೆ ನಾವು ಯಾರೂ ಅಲ್ಲ. ಆಗದಿದ್ರೂ ಆ ಪ್ರಶ್ನೆ ನಿಮ್ಮ ಹತ್ತಿರವೇ ಉಳಿಯುತ್ತೆ.

ಅಧ್ಯಾಪಕರಲ್ಲೂ ಒಂದು ವಿನಂತಿ. ಸರ್, ಮೇಡಂ, ನಮಗೆ ಪತ್ರ ಬೇಡ ಅನ್ನಿ, ಪರವಾಗಿಲ್ಲ. "ನಿನ್ನ ಬಗ್ಗೆ ನನಗೆ ಗೊತ್ತಿಲ್ಲ, ಬೇರೆಯವರನ್ನ ಕೇಳು" ಅನ್ನಿ, ಅದೂ ಸರಿ. "ಡ್ರಾಫ್ಟ್ ತಗೊಂಡ್ ಬಾ" ಅಂತ ಮಾತ್ರ ಅನ್ನಬೇಡಿ. ಹತ್ತು ನಿಮಿಷ ಕೂರಿಸಿ, ನನ್ನ ಲ್ಯಾಬಲ್ಲಿ ಏನು ಮಾಡಿದೆ ಅಂತ ಒಂದು ಸಲ ಕೇಳಿ. ನಾವು ತಡವರಿಸ್ತೀವಿ. ಪರವಾಗಿಲ್ಲ, ತಡವರಿಸಲಿ. ಇನ್ನು ಸೆಮಿಸ್ಟರ್ ಪರೀಕ್ಷೆ ಬೇಸಿಗೆಯೊಳಗೆ ನುಗ್ಗಿ ಫೆಲೋಶಿಪ್ ದಿನಗಳನ್ನ ತಿನ್ನೋ ವಿಷಯ ಇದೆ. ಅದಕ್ಕೆ ಬೇರೆಯೇ ಲೇಖನ ಬೇಕು, ಬಿಸಿ ಕಮ್ಮಿಯಾದ ಮೇಲೆ ಬರೀತೀವಿ. ಸದ್ಯಕ್ಕೆ, ಅರ್ಜಿ ಹಾಕೋಕೆ ಮುಂಚೆಯೇ ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪರೀಕ್ಷೆ ದಿನಗಳ ಬಗ್ಗೆ ಮಾತಾಡಿಟ್ಟುಕೊಳ್ಳಿ, ಆಯ್ಕೆ ಆದ ಮೇಲೆ ಓಡಾಡಬೇಡಿ.

ನೋಟಿಸ್ ಬೋರ್ಡಿಗೆ ಈ ವರ್ಷದ ಹಾಳೆ ಬಂದಿದೆ. ಸಿವಿಲ್ ಗೆಳತಿ ಮತ್ತೆ ಹಾಕ್ತಿದ್ದಾಳೆ, ಮೆಕ್ಯಾನಿಕಲ್‌ನವನೂ. ಅವನ ಪ್ರಶ್ನೆ ಏನು ಅಂತ ಇನ್ನೂ ನಮಗೂ ಹೇಳಿಲ್ಲ, ಅಮ್ಮನಿಗೆ ಹೇಳಿದ್ದಾನಂತೆ. ಕಳೆದ ಎರಡು ಶನಿವಾರ ಮಧ್ಯಾಹ್ನ ಮೇಡಂ ಲ್ಯಾಬ್ ತೆಗೆಸಿಕೊಟ್ಟರು. ಟ್ರೈಎಥನಾಲಮೈನ್ ಸ್ಟಾಕಿನಲ್ಲಿ ಇರಲಿಲ್ಲ, ತರಿಸೋಕೆ ಬರೆದಿದ್ದಾರೆ, ಸೋಮವಾರ ಬರಬಹುದು. ಬೋರ್‌ವೆಲ್ ನೀರಿನ ಮೂರು ಬಾಟಲಿ ಕಿಟಕಿ ಪಕ್ಕ ಇಟ್ಟಿದ್ದೀವಿ, ಮೇಲೆ ದಿನಾಂಕ ಬರೆದಿದೆ. ಒಂದರ ತಳದಲ್ಲಿ ಆಗಲೇ ಸ್ವಲ್ಪ ಕಂದು ಕೂತಿದೆ. ನೋಡಬೇಕು ಅನ್ನಿಸಿದವರು ಸಂಜೆ ನಾಲ್ಕರ ಮೇಲೆ ಬನ್ನಿ, ಬರುವಾಗ ಏಪ್ರನ್ ತನ್ನಿ. ನಮ್ಮದು ಮಾರಿಬಿಟ್ಟಿದ್ದೀವಿ.